ಕರ್ತನ ಭೋಜನಕ್ಕೆ ಬಂದ ಹುಗ್ಗಿ

ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಒಂದು ಊರಿನಲ್ಲಿ ರೊಟ್ಟಿ ಬಡಿಯುವ ಒಬ್ಬ ಹೆಣ್ಣುಮಗಳು ಇದ್ದಳು. ಆ ಊರಲ್ಲಿ ಟೈಲ್ಸ್ ಅಂಗಡಿಯೂ ಇತ್ತು, ಸರ್ಕಾರಿ ಆಸ್ಪತ್ರೆಯೂ ಇತ್ತು. ನಗಬೇಡಿ ದೇವಪುತ್ರಣ್ಣ. ನಮ್ಮಜ್ಜಿಯ ಕಥೆಗಳಲ್ಲಿ ರಾಜಕುಮಾರಿ ಬಸ್ಸು ಹತ್ತಿ ರಾಕ್ಷಸನ ಮನೆಗೆ ಹೋಗುತ್ತಿದ್ದಳು. ಟಿಕೆಟ್ ಯಾರು ತೆಗೆಸಿದರು ಅಂತ ನಾವು ಕೇಳುತ್ತಿರಲಿಲ್ಲ, ಹೂಂ ಅನ್ನುತ್ತಿದ್ದೆವು. ನೀವೂ ಇವತ್ತು ಆಮೆನ್ ಅನ್ನಬೇಡಿ, ಹೂಂ ಅನ್ನಿ. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ, ಅದು ನಮ್ಮಜ್ಜಿಯ ಕಾನೂನು.

ಆರಾಧನೆಯಲ್ಲಿ ಬೋಧನೆಯ ಬದಲು ಕಥೆ ಯಾಕೆ ಅಂದರೆ, ಹೋದ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತಿದ್ದ ಒಬ್ಬರು ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರು. "ಮೇಡಂ, ನಾನು ಯೇಸುವಿನ ವಿಶ್ವಾಸಕ್ಕೆ ಹೊಸಬ. ಊರಲ್ಲಿ ಇಷ್ಟೊಂದು ಸಭೆಗಳಿವೆ. ಯಾವುದಕ್ಕೆ ಸೇರಲಿ?" ಮುಂದಿನ ವಾರ ಹೇಳುತ್ತೇನೆ ಅಂದೆ. ವಾರವೆಲ್ಲ ಯೋಚಿಸಿದೆ. ಒಮ್ಮೆ ಹೀಗನ್ನಿಸಿತು, ಒಮ್ಮೆ ಹಾಗನ್ನಿಸಿತು. ಪಾತ್ರೆ ತೊಳೆಯುತ್ತಾ ಸಿಕ್ಕಿದ ಉತ್ತರ ಒರೆಸುವಷ್ಟರಲ್ಲಿ ಕಳೆದುಹೋಯಿತು. ಅದಕ್ಕೇ ಈ ರೊಟ್ಟಿಯವಳನ್ನು ಕರೆದುಕೊಂಡು ಬಂದಿದ್ದೇನೆ.

ಅವಳು ಒಂದು ಖಾನಾವಳಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ತಂಗಿಗೆ ಹೆರಿಗೆ ಕಷ್ಟವಾಯಿತು. ಡಾಕ್ಟರು ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಓಡಿದರು. ಆಗ ಒಬ್ಬ ನರ್ಸಮ್ಮ ಇವಳ ಪಕ್ಕ ಕೂತು, ಕೈ ಹಿಡಿದು, ಯೇಸುವಿನ ಹೆಸರಲ್ಲಿ ಪ್ರಾರ್ಥನೆ ಮಾಡಿದಳು. ಇವಳಿಗೆ ಪ್ರಾರ್ಥನೆ ಗೊತ್ತಿಲ್ಲ, ಹರಕೆ ಗೊತ್ತು. ಅದನ್ನೇ ಹೊತ್ತಳು. "ಯೇಸಪ್ಪಾ, ನನ್ನ ತಂಗಿ ಉಳಿದ್ರ, ನಿನ್ನ ಮನಿಗೆ ಬಂದು ನಿನ್ನ ಮಂದಿಗೆ ಹುಗ್ಗಿ ಉಣಿಸ್ತೀನಿ."

ತಂಗಿ ಉಳಿದಳು. ಕೂಸೂ ಉಳಿಯಿತು. ನರ್ಸಮ್ಮ ಒಂದು ಸಣ್ಣ ಸುವಾರ್ತೆಯ ಪುಸ್ತಕ ಕೊಟ್ಟು, "ಯಾವುದಾದರೂ ಸಭೆಗೆ ಸೇರ್ಕೊಳ್ಳಿ ಅಕ್ಕಾ" ಅಂದಳು. ಯಾವುದು ಅಂತ ಹೇಳುವ ಮೊದಲೇ ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ರೊಟ್ಟಿಯವಳು ಆ ಪುಸ್ತಕ ಓದಿದಳು. ಓದಿ ಓದಿ, ಹರಕೆಗಾಗಿ ಹುಡುಕುತ್ತಿದ್ದವನ ಮೇಲೆ ಅವಳಿಗೆ ಪ್ರೀತಿಯೇ ಹುಟ್ಟಿತು. ಆದರೆ ಅವನ ಮನೆ ಎಲ್ಲಿ?

ಅವಳ ಅತ್ತೆ ಇದ್ದಳಲ್ಲ, ಒಳ್ಳೆಯವಳೇ, ನಾಲಿಗೆ ಮಾತ್ರ ಖಾರ. "ನನ್ನ ದೇವರ ಮನಿ ಕಣ್ಣು ಮುಚ್ಚಿದ್ರೂ ಕಾಣ್ತದ. ನಿನ್ನ ದೇವರಿಗೆ ಮನಿ ಎಲ್ಲೈತಿ ಅಂತ ನಿನಗ ಗೊತ್ತಿಲ್ಲ. ಬಾಡಿಗಿ ಮನ್ಯಾಗ ಅದಾನೇನು?" ಅಂದಳು.

ಹೂಂ ಅನ್ನಿ.

ಮೊದಲು ಅವಳು ದೊಡ್ಡ ಗಂಟೆ ಇರುವ ಗುಡಿಗೆ ಹೋದಳು. ರೂಢಿಯ ಹಾಗೆ ಚಪ್ಪಲಿ ಹೊರಗೆ ಬಿಟ್ಟಳು. ಒಳಗೆ ನೋಡಿದರೆ ಎಲ್ಲರ ಕಾಲಲ್ಲೂ ಬೂಟು. ಅವರು ಏಳುವಾಗ ಇವಳು ಕೂತಳು, ಅವರು ಮೊಣಕಾಲೂರುವಾಗ ಇವಳು ಎದ್ದು ನಿಂತಳು. ಆದರೂ ಆ ಮೇಣದ ಬೆಳಕು, ಆ ಧೂಪ, ಆ ಮೌನ ಅವಳಿಗೆ ಹಿಡಿಸಿತು. ಮುಗಿದ ಮೇಲೆ ಗಂಟೆ ಹೊಡೆಯುವ ಮುದುಕನಿಗೆ ತನ್ನ ಹರಕೆ ಹೇಳಿ, ಎಲ್ಲಿ ತೀರಿಸಲಿ ಅಂತ ಕೇಳಿದಳು. ಅವನು ಪ್ರೀತಿಯಿಂದಲೇ ಹೇಳಿದ, "ಹರಕೆ ಇದ್ದರೆ ಅಲ್ಲಿ ಒಂದು ಮೇಣದಬತ್ತಿ ಹಚ್ಚಮ್ಮ." ಹಚ್ಚಿದಳು. ಹಚ್ಚಿ, "ಯೇಸಪ್ಪಾ, ಇದು ಬೆಳಕಿಗೆ. ಹುಗ್ಗಿದು ಇನ್ನೂ ಐತಿ" ಅಂದಳು.

ಆಮೇಲೆ ಟೈಲ್ಸ್ ಅಂಗಡಿಯ ಮೇಲಿನ ಹಾಲಿನಲ್ಲಿ ಕೂಡುತ್ತಿದ್ದ ಸಭೆಗೆ ಹೋದಳು. ಅಲ್ಲಿ ಚಾಪೆ, ಅಲ್ಲಿ ಚಪ್ಪಾಳೆ, ಅಲ್ಲಿ ಅಳು. ಇವಳೂ ಹೊಟ್ಟೆ ತುಂಬ ಅತ್ತಳು, ಹಗುರಾದಳು. ಆದರೆ ಒಬ್ಬ ಅಕ್ಕ ಪಕ್ಕಕ್ಕೆ ಕರೆದು ಹೇಳಿದಳು, "ಹರಕೆ ಅನ್ನಬಾರದು ತಂಗಿ, ಅದು ಕತ್ತಲೆಯ ಮಾತು. ಮೂಗುಬೊಟ್ಟೂ ತೆಗೀಬೇಕು. ಮತ್ತೆ ಆ ಗಂಟೆ ಗುಡಿಗೆ ಹೋಗಬೇಡ, ಅವರು ದಾರಿ ತಪ್ಪಿದವರು." ಇವಳಿಗೆ ಗಾಬರಿ. ಯಾಕೆಂದರೆ ಗಂಟೆ ಗುಡಿಯ ಮುದುಕ ಕೂಡ ಅವತ್ತು ಬತ್ತಿ ಹಚ್ಚಿಸುವಾಗ ಇವರ ಬಗ್ಗೆ ಅದನ್ನೇ ಹೇಳಿದ್ದ. ಇಬ್ಬರೂ ಒಬ್ಬನ ಹೆಸರನ್ನೇ ಹೇಳುತ್ತಾರೆ, ಇಬ್ಬರೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಹಾಗಾದರೆ ಅವನು ಯಾರ ಮನೆಯಲ್ಲಿ ಮಲಗುತ್ತಾನೆ?

ಹೂಂ ಅನ್ನಿ.

ಹೀಗೆ ತಲೆ ಕೆಟ್ಟು ಬರುವಾಗ ದಾರಿಯಲ್ಲಿ ಮೂರನೆಯದು ಸಿಕ್ಕಿತು. ಕೆಂಪು ಹಂಚಿನ, ಮೇಲೆ ಶಿಲುಬೆ ಇರುವ ಹಳೆಯ ದೇವಾಲಯ. ಗೇಟಿನ ಪಕ್ಕದ ಬೋರ್ಡಿನ ಮೇಲೆ ಸುಣ್ಣದಕಡ್ಡಿಯಲ್ಲಿ ದುಂಡಗೆ ಬರೆದಿತ್ತು. "ಬರುವ ಭಾನುವಾರ ಕರ್ತನ ಭೋಜನ ಇರುತ್ತದೆ. ಎಲ್ಲರೂ ತಪ್ಪದೆ ಬನ್ನಿರಿ."

ಅವಳು ನಿಂತಳು. ಇನ್ನೊಮ್ಮೆ ಓದಿದಳು. ಕರ್ತನ ಭೋಜನ. ನೀವು ಹುಟ್ಟಿದಾಗಿನಿಂದ ಈ ಮಾತು ಕೇಳಿದವರು. ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಯೇಸುವಿನ ಕಡೆಯ ಊಟದ ನೆನಪಿಗೆ ಇಡುವ ಬಿಳಿ ಬಟ್ಟೆ, ರೊಟ್ಟಿಯ ಚೂರು, ಸಣ್ಣ ಬಟ್ಟಲು ಬರುತ್ತವೆ. ಆದರೆ ಖಾನಾವಳಿಯವಳಿಗೆ ಭೋಜನ ಅಂದರೆ ಏನು? ಪಂಕ್ತಿ. ಬಾಳೆಲೆ. ಬಡಿಸುವವರ ಓಡಾಟ. ಅವಳ ಕಣ್ಣಲ್ಲಿ ನೀರು ಬಂತು. ಕಡೆಗೂ ಸಿಕ್ಕಿತು, ಅವನು ಊಟ ಹಾಕುವ ಮನೆ.

ಭಾನುವಾರ ಬೆಳಗಾಗುವ ಮೊದಲೇ ಎದ್ದು, ಕುಟ್ಟಿದ ಗೋಧಿ ಬೇಯಿಸಿ, ಬೆಲ್ಲ ಹಾಕಿ, ಗಸಗಸೆ, ಒಣಕೊಬ್ಬರಿ, ಏಲಕ್ಕಿ ಹಾಕಿ, ದೊಡ್ಡ ಪಾತ್ರೆ ತುಂಬ ಹುಗ್ಗಿ ಮಾಡಿದಳು. ತಲೆಯ ಮೇಲೆ ನೀರು ಎರೆದುಕೊಂಡಳು. ಸಿಂಬೆ ಇಟ್ಟು ಪಾತ್ರೆ ಹೊತ್ತಳು. ಅತ್ತೆ ಬಾಗಿಲಲ್ಲಿ ನಿಂತು, "ಖಾಲಿ ಪಾತ್ರಿ ತಗೊಂಡು ಬಾ. ತುಂಬಿದ್ದು ತಿರುಗಿ ಬಂದ್ರ ನಿನ್ನ ದೇವರ ಸುದ್ದಿ ಈ ಮನ್ಯಾಗ ಎತ್ತಬ್ಯಾಡ" ಅಂದಳು. ಅದು ಬರೀ ಮಾತಲ್ಲ. ಅತ್ತೆ ಅಂದರೆ ಅಂದದ್ದೇ.

ದೇವಾಲಯದ ಬಾಗಿಲಲ್ಲಿ ಒಬ್ಬ ಸಭಾಹಿರಿಯರು ನಿಂತಿದ್ದರು. "ಏನಮ್ಮ ಇದು?"

"ಹುಗ್ಗಿ ರೀ."

"ಯಾರು ತರಕ್ಕೆ ಹೇಳಿದ್ದು?"

"ನೀವ ಬೋರ್ಡಿಗೆ ಬರದೀರಲ್ರೀ, ಭೋಜನ ಐತಿ ಅಂತ. ನಿಮ್ಮದು ಅನ್ನ ಸಾರು ಇರ್ತದ, ಸಿಹಿ ನಂದಿರಲಿ ಅಂತ."

ಹಿರಿಯರು ನಕ್ಕರು. ಪಕ್ಕದವರಿಗೆ ಹೇಳಿದರು, ಅವರೂ ನಕ್ಕರು. ಕೆಟ್ಟ ನಗೆಯಲ್ಲ, ಆದರೂ ನಗೆ. ಅವಳೂ ಅವರ ಜೊತೆ ನಕ್ಕಳು, ಯಾಕೆ ಅಂತ ತಿಳಿಯದೆ. ಪಾತ್ರೆಯನ್ನು ಮೆಟ್ಟಿಲ ಪಕ್ಕ ಇಟ್ಟು, ಒದ್ದೆ ಬಟ್ಟೆ ಮುಚ್ಚಿ ಒಳಗೆ ಹೋದಳು.

ಭೋಜನದ ಹೊತ್ತಾಯಿತು. ಎಲ್ಲರೂ ಸಾಲಾಗಿ ಮುಂದೆ ಹೋದರು. ಇವಳೂ ಹೋದಳು, ಎಲ್ಲರಂತೆ ಮೊಣಕಾಲೂರಿ, ಬಲಗೈ ಮೇಲೆ ಮಾಡಿ ಕೈ ಚಾಚಿದಳು. ಪಾದ್ರಿ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಬಂದರು. ಹೊಸ ಮುಖ. ಬಗ್ಗಿ ಮೆಲ್ಲಗೆ ಕೇಳಿದರು, "ಸ್ನಾನ ಆಗಿದೆಯಾ ಅಮ್ಮ?"

ಅವರು ಕೇಳಿದ್ದು ದೀಕ್ಷಾಸ್ನಾನ, ಅದು ಆಗದವರಿಗೆ ಈ ರೊಟ್ಟಿ ಇಲ್ಲ. ಅವಳು ಹೇಳಿದಳು, "ಆಗೇದ್ರೀ. ಮುಂಜಾನೆನ ತಲಿಮ್ಯಾಲೆ ಎರಕೊಂಡು ಬಂದೀನಿ."

ಅಯ್ಯನವರಿಗೆ ಅರ್ಥವಾಯಿತು. ಅವರು ನಗಲಿಲ್ಲ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, ಮುಂದಿನವರ ಹತ್ತಿರ ಹೋದರು. ಅವರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕ್ರಮ ಕ್ರಮವೇ. ಆದರೆ ನೋಡಿ, ಆ ಭೋಜನದಲ್ಲಿ ಎಲ್ಲರಿಗಿಂತ ಹೆಚ್ಚು ಅಡುಗೆ ಮಾಡಿದವಳೊಬ್ಬಳೇ ಬರಿಗೈಯಲ್ಲಿ ಎದ್ದು ಬಂದಳು.

ಅವಳಿಗೆ ಸಿಟ್ಟು ಬಂತು ಅಂದುಕೊಂಡಿರಾ? ಇಲ್ಲ. ಅವಳು ಬೆಂಚಿನಲ್ಲಿ ಕೂತು ಎಲ್ಲರ ಕೈ ನೋಡಿದಳು. ಒಂದು ಚೂರು ರೊಟ್ಟಿ. ಒಂದು ಗುಟುಕು ರಸ. ಇಷ್ಟು ದೊಡ್ಡ ಮನೆ, ಇಷ್ಟು ಮಂದಿ, ಇಷ್ಟೇ ಊಟ. ಅಯ್ಯೋ ಪಾಪ, ಈ ಮನೆಯಲ್ಲಿ ತೀರ ಬಡತನ ಐತಿ, ನಾನು ಹುಗ್ಗಿ ತಂದದ್ದು ಚಲೋ ಆತು ಅಂದುಕೊಂಡಳು.

ಆರಾಧನೆ ಮುಗಿಯಿತು. ಅವಳು ಓಡಿ ಹೋಗಿ ಬಟ್ಟೆ ತೆಗೆದು, ಸೌಟು ಹಿಡಿದು ನಿಂತಳು. ಬಾಗಿಲಿಂದ ಜನ ಬಂದರು. ಕೈ ಕುಲುಕಿದರು, ಸ್ತೋತ್ರ ಅಂದರು, ಪಾತ್ರೆ ನೋಡಿದರು, ದಾಟಿ ಹೋದರು. ಒಬ್ಬರು "ಮನೇಲಿ ಅಡುಗೆ ಆಗಿದೆ" ಅಂದರು. ಒಬ್ಬರು ಗಂಡನ ಕಿವಿಯಲ್ಲಿ "ಯಾರ ಪೈಕಿಯೋ ಏನೋ" ಅಂದರು, ಅವಳಿಗೆ ಕೇಳಿಸುವಷ್ಟು ಮೆಲ್ಲಗೆ. ಹಿರಿಯರು ಬಂದು, "ಕಮಿಟಿಗೆ ಹೇಳದೆ ಇಲ್ಲಿ ಏನೂ ಹಂಚೋ ಹಾಗಿಲ್ಲಮ್ಮ" ಅಂದರು.

ಅಂಗಳ ಖಾಲಿಯಾಯಿತು. ಅವಳು ಪಾತ್ರೆ ಮುಚ್ಚಿ ಮೆಟ್ಟಿಲ ಮೇಲೆ ಕೂತಳು. ಒಂದು ಮನೆಯಲ್ಲಿ ಬೆಳಕಿತ್ತು, ಒಂದು ಮನೆಯಲ್ಲಿ ಅಳು ಇತ್ತು, ಒಂದು ಮನೆಯಲ್ಲಿ ಭೋಜನ ಅಂತ ಬೋರ್ಡಿತ್ತು. ಅವನು ಎಲ್ಲಿದ್ದ? ಅವಳು ತಪ್ಪು ಮನೆಗೆ ಬಂದಳೋ, ಸರಿ ಮನೆಗೆ ತಪ್ಪು ಹೊತ್ತಿನಲ್ಲಿ ಬಂದಳೋ?

ಹೂಂ ಅನ್ನುವುದು ನಿಲ್ಲಿಸಿದಿರಿ. ಸರಿ, ಇಲ್ಲೇ ಕಥೆ ನಿಲ್ಲಿಸುತ್ತೇನೆ. ಈಗ ನಮ್ಮ ಮಾತು.

ಬರುವಾಗ ನಮ್ಮ ಗೇಟಿನ ಬೋರ್ಡು ಓದಿದಿರಾ? ಅಲ್ಲೂ ಅದೇ ಬರೆದಿದೆ. ಎಲ್ಲರೂ ತಪ್ಪದೆ ಬನ್ನಿರಿ. ನಾವು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಪರಿಚಯ ಇಲ್ಲದವರಿಗೂ "ಊಟ ಆಯ್ತಾ" ಅಂತ ಕೇಳುವ ಜನ. ಈ ಬಾಗಿಲ ಒಳಗೆ ಬಂದ ಕೂಡಲೇ ಆ ಮಾತು ಎಲ್ಲಿಗೆ ಹೋಗುತ್ತದೆ? ಇಲ್ಲಿ ನಾವು ಏನು ಕೇಳುತ್ತೇವೆ? ಯಾವ ಸಭೆಯವರು, ಯಾರ ಕಡೆಯವರು, ಸ್ನಾನ ಆಗಿದೆಯಾ. ಇದೆಲ್ಲ ಕೇಳಬೇಕಾದದ್ದೇ, ಇರಲಿ. ಆದರೆ ಮೊದಲು ಕೇಳಬೇಕಾದದ್ದೇ? ಇನ್ನೊಂದು ನೋಡಿ. ಇಷ್ಟು ಹೊತ್ತು ಕಥೆ ಹೇಳಿದೆ. ರೊಟ್ಟಿಯವಳು ಅಂದೆ, ಅವಳು ಇವಳು ಅಂದೆ. ಅವಳ ಹೆಸರೇನು ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಹಾಗಾಗಿ ಇವತ್ತಿನಿಂದ ಹೀಗೆ ಮಾಡೋಣ. ಹೊಸ ಮುಖ ಕಂಡರೆ ಮೊದಲು ಹೆಸರು. ಆಮೇಲೆ ಊಟ ಆಯ್ತಾ. ಆಗಿಲ್ಲ ಅಂದರೆ ನಿಮ್ಮ ಜೊತೆ ಮನೆಗೆ ಕರೆದುಕೊಂಡು ಹೋಗಿ, ಇದ್ದದ್ದನ್ನೇ ಬಡಿಸಿ. ಅವರೇ ಡಬ್ಬಿ ತಂದಿದ್ದರೆ ಕೈ ಚಾಚಿ, ಯಾರ ಕೈ ಅಡುಗೆ ಅಂತ ಕೇಳಬೇಡಿ. ಪಕ್ಕದ ಸಭೆಯ ಬಗ್ಗೆ ಅವರ ಕಿವಿಯಲ್ಲಿ ಊದಬೇಡಿ, ಅವರು ಅಲ್ಲಿ ಹಚ್ಚಿದ ಮೇಣದಬತ್ತಿ, ಅತ್ತ ಅಳು ಸುಳ್ಳಲ್ಲ. ರೂತಮ್ಮ, ನೀವು ಮುಗಿದ ಕೂಡಲೇ ಕುಕ್ಕರ್ ನೆನಪಾಗಿ ಓಡುತ್ತೀರಿ. ಮುಂದಿನ ವಾರ ಸ್ವಲ್ಪ ನಿಲ್ಲಿ. ಕುಕ್ಕರ್ ಕಾಯುತ್ತದೆ.

ಮತ್ತು ಕೊನೆಯ ಬೆಂಚಿನ ಅಣ್ಣಾ, ಯಾವ ಸಭೆ ಅಂತ ನನಗೆ ಇನ್ನೂ ಗೊತ್ತಿಲ್ಲ. ಇಷ್ಟು ಮಾಡಿ. ಗಂಟೆ ನೋಡಬೇಡಿ, ಬೋರ್ಡು ನೋಡಬೇಡಿ. ನೀವು ತಂದದ್ದನ್ನು ಎಲ್ಲಿ ಉಣ್ಣುತ್ತಾರೆ, ತಮ್ಮದನ್ನು ನಿಮಗೆ ಎಲ್ಲಿ ಉಣಿಸುತ್ತಾರೆ, ಅದನ್ನು ನೋಡಿ. ಅದು ನಮ್ಮ ಸಭೆಯೇ ಆಗಿರಲಿ ಅಂತ ನನಗೆ ಆಸೆ. ಆದರೆ ಅದನ್ನು ನಾನು ಇಲ್ಲಿ ನಿಂತು ಹೇಳಿದರೆ ಆಗದು, ಇವರು ಅಂಗಳದಲ್ಲಿ ತೋರಿಸಬೇಕು.

ಈಗ ಹೂಂ ಅನ್ನಿ. ಅವಳನ್ನು ಮೆಟ್ಟಿಲ ಮೇಲೆ ಬಿಟ್ಟು ನಾನು ಕೂರಲಾರೆ.

ಅವಳು ಸಿಂಬೆ ಸುತ್ತಿಕೊಂಡಳು. ಅಷ್ಟರಲ್ಲಿ ಒಳಗೆ ಹಾಡಿನ ಪುಸ್ತಕ ಜೋಡಿಸುತ್ತಿದ್ದ ಗಾಯನದ ಹೆಂಗಸೊಬ್ಬಳು ಹೊರಗೆ ಬಂದಳು. ಹಾಡುವವರಿಗೆ ಹಸಿವು ಜಾಸ್ತಿ. "ಏಲಕ್ಕಿ ವಾಸನೆ ಎಲ್ಲಿಂದ ಬರ್ತಿದೆ ಅಂತ ಕೊನೆ ಹಾಡೆಲ್ಲ ತಪ್ಪಿ ಹಾಡಿದೆ" ಅಂತ ಹೇಳಿ ಮೆಟ್ಟಿಲ ಮೇಲೆ ಕೂತಳು. "ನಿನ್ನ ಹೆಸರೇನವ್ವಾ?"

"ಫಕೀರವ್ವ ರೀ."

"ಫಕೀರವ್ವ, ಹಾಕು."

ಫಕೀರವ್ವ ಮುಚ್ಚಿದ ಬಟ್ಟೆ ತೆಗೆದು ಸೌಟು ತುಂಬಿದಳು. ಹಾಕಿದಳು. ಹಾಡುವವಳು ಒಂದು ತುತ್ತು ತಿಂದು ಒಳಗೆ ತಿರುಗಿ, "ಏ, ಬರ್ರೇ ಎಲ್ಲಾರೂ" ಅಂತ ಕೂಗಿದಳು. ಗಾಯನದವರೆಲ್ಲ ಬಂದರು. ಹಿರಿಯರು ದೂರದಲ್ಲಿ ಬೀಗದ ಕೈ ಹಿಡಿದು ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ, "ಕಮಿಟಿಗೆ ಆಮೇಲೆ ಹೇಳಿದರಾಯಿತು" ಅಂತ ತಮಗೆ ತಾವೇ ಹೇಳಿಕೊಂಡು ಅವರೂ ಬಂದರು.

ಪಾತ್ರೆಯ ತಳದಲ್ಲಿ ಒಂದು ಸೌಟು ಉಳಿಯಿತು. ಆಗ ಅಯ್ಯನವರು ಬಂದರು. ಭೋಜನದ ದಿನ ಅವರದು ಉಪವಾಸ, ಆ ಚೂರು ರೊಟ್ಟಿ, ಆ ಗುಟುಕು ರಸ ಬಿಟ್ಟು ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಅವರು ಮೆಟ್ಟಿಲ ಮೇಲೆ, ಅವಳಿಗಿಂತ ಕೆಳಗೆ ಕೂತರು. ಬಲಗೈ ಮೇಲೆ ಮಾಡಿ ಕೈ ಚಾಚಿದರು.

ಫಕೀರವ್ವ ಸೌಟು ಎತ್ತಿದಳು, ನಿಲ್ಲಿಸಿದಳು. ಈ ಮನೆಯ ಪದ್ಧತಿ ಅವಳಿಗೆ ನೆನಪಾಯಿತು. ಬಗ್ಗಿ, ಮೆಲ್ಲಗೆ, ಗೌರವದಿಂದ ಕೇಳಿದಳು.

"ಅಯ್ಯನವ್ರ, ನಿಮ್ಮದು ಸ್ನಾನ ಆಗ್ಯದಲ್ರೀ?"

ಅಯ್ಯನವರು ತಲೆ ತಗ್ಗಿಸಿದರು. "ಆಗಿದೆಯಮ್ಮ," ಅಂದರು. "ನಾನು ತೊಟ್ಟಿಲ ಕೂಸಾಗಿದ್ದಾಗ ಮಾಡಿಸಿದ್ದು."

ಫಕೀರವ್ವ ಅವರನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. ಪಾಪ ಅನ್ನಿಸಿತು.

"ಇರ್ಲಿ ಬಿಡ್ರೀ," ಅಂದಳು. "ಕೈ ತೊಳಕೊಳ್ರಿ, ಸಾಕು."

ಅವರು ತೊಳೆದುಕೊಂಡು ಬಂದರು. ಅವಳು ಹಾಕಿದಳು, ಅವರು ಉಂಡರು. ಪಾತ್ರೆ ಖಾಲಿಯಾಯಿತು.