ಜೆಸಿಬಿಯ ಬಾಯಿ ಯಾವ ಕಡೆ

ಅಣ್ಣಿಗೇರಿಯ ದವಾಖಾನೆಯಲ್ಲಿ ಮೊಣಕಾಲು ನೋವೆಂದು ಪಾಳಿ ಕಾಯುತ್ತಿದ್ದ ಸುಶೀಲವ್ವನ ಎದುರಿನ ಬೆಂಚಿಗೆ ಅಣ್ಣತಮ್ಮಂದಿರಿಬ್ಬರು ಬಂದು ಕೂತರು. ತಮ್ಮ ಯಲ್ಲೇಶನ ತಲೆಗೆ ಸುತ್ತಿದ್ದ ಟವೆಲ್ಲು ರಕ್ತದಲ್ಲಿ ತೊಯ್ದಿತ್ತು. ಅಣ್ಣ ಹುಚ್ಚಪ್ಪನ ತೋಳಿಗೂ ಅದೇ ರಕ್ತ. ಸುಶೀಲವ್ವನ ಹಿಂದಿನ ಗೋಡೆಗೆ ದೊಡ್ಡದೊಂದು ಚಿತ್ರವಿತ್ತು: ಒಂದು ಕಡೆ ಹಸಿರು ಹೊಲ, ಇನ್ನೊಂದು ಕಡೆ ಎತ್ತರದ ಕಟ್ಟಡಗಳು, ನಡುವೆ ಹಳದಿ ಜೆಸಿಬಿ.

"ನೋಡಣ್ಣಾ, ಹೊಲಾನೂ ಐತಿ, ಬಿಲ್ಡಿಂಗೂ ಅದಾವು. ಎರಡೂ ಇರಬೌದಂತ ತಗದಾನ."

"ಜೆಸಿಬಿ ಬಾಯಿ ಯಾ ಕಡೆ ಐತಿ ನೋಡಲೇ. ಹೊಲದ ಕಡೆ ಐತಿ. ನುಂಗಾಕ ಬಂದೈತಿ."

"ನಿನ್ನ ಸಲಿಕಿ ನನ್ನ ತಲಿ ಕಡೆ ಬಂತಲ್ಲ, ಅದು?"

ಹೊಡೆದವನೇ ಕರೆತಂದಿದ್ದಾನೆಂದು ತಿಳಿದದ್ದೇ ಸುಶೀಲವ್ವ ತನ್ನ ಚೀಲವನ್ನು ಎದೆಗವಚಿಕೊಂಡಳು.

"ಅಪ್ಪನ ಹೊಲದಾಗ ನನ್ನ ಕೇಳಲಾರದನ ಪ್ಲಾಟಿನ ಗೂಟ ಬಡದಿ. ನಾಳೆ ಬಡದರ ನಾಳೇನೂ ಹೊಡೀತೇನಿ."

"ನಾಳೆ ನಾ ಕೊಡ್ಲಿ ತಗೊಂಡ ಬರತೇನಿ."

"ಬಾ. ಹೆಣಾ ಹೊರಾಕ ಮಂದೀನೂ ಕರಕೊಂಡ ಬಾ."

ಒಳಗಿನಿಂದ ನರ್ಸ್ ಬಂದು ಟವೆಲ್ಲು ಎತ್ತಿ ನೋಡಿದಳು. "ಅಯ್ಯ, ಏನಾತ್ರಿ ಇದು?"

"ಬಂಡಿ ಮ್ಯಾಲಿಂದ ಬಿದ್ದಾನ್ರಿ," ಎಂದ ಹುಚ್ಚಪ್ಪ.

"ಹೌದ್ರಿ, ಬಿದ್ದೆ," ಎಂದ ಯಲ್ಲೇಶ.

ಎದ್ದವನಿಗೆ ತಲೆ ಸುತ್ತಿತು. ಅಣ್ಣನ ಹೆಗಲು ಹಿಡಿದು ನಿಂತು, ಮತ್ತೊಮ್ಮೆ ಚಿತ್ರ ನೋಡಿದ.

"ಆ ಕಡೆನೂ ಈ ಕಡೆನೂ ಒಬ್ಬ ಮನಶ್ಯಾನೂ ಇಲ್ಲಲ್ಲಣ್ಣಾ. ಎಲ್ಲಿ ಹೋದ್ರು?"

"ಬಡದಾಡಿ ಸತ್ತಿರಬೇಕು. ನಡಿ, ಹೊಲಿಗಿ ಹಾಕಸೂಣು."