ಹಿತ್ತಿಲ ಬಾಗಿಲ ಮೆಟ್ಟಿಲುಗಲ್ಲು

"ಹಲೋ... ಯಾರು ಮಾತಾಡ್ತಿರೋದು? ... ಕೋವಿಯವರಾ? ನೋಡ್ರಪ್ಪಾ, ಶನಿವಾರ ಮೂರು ಸುತ್ತು ಗುಂಡು ಹಾರಿಸ್ಲೇಬೇಕು, ಹೋದ್ಸಲದ ಥರ ಮದ್ದು ಒದ್ದೆಯಾಯ್ತು ಅಂತ ಕತೆ ಹೇಳಿದ್ರೆ... ಹಾಂ? ಅಲ್ವಾ? ಮತ್ಯಾರು?"

ಆರ್ಡಿತ್ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹಿತ್ತಿಲ ಬಾಗಿಲಿಗೆ ಬಂದು, ಅಲ್ಲೇ ಬಿಟ್ಟಿದ್ದ ಫೋನೆತ್ತಿದ್ದಳು. ಕೆಂಟಕಿಯ ಆ ಕಣಿವೆಯಲ್ಲಿ ಅವಳ ಮನೆಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಬಾಗಿಲಾಚೆಯ ಚಪ್ಪಟೆ ಮೆಟ್ಟಿಲುಗಲ್ಲಿನ ಮೇಲೆ. ಅಲ್ಲೇ ಎರಡೂ ಕಾಲೂರಿ ನಿಂತಿದ್ದಳು.

"ನದೀನ್? ಓಕ್ಲಹೋಮದಿಂದಾ? ... ಅಯ್ಯೋ! ಎಂಜಲು ಕೊಟ್ಟು ಮಾಡಿಸೋ ಡಿಎನ್‌ಎ ಪರೀಕ್ಷೇಲಿ ನಾನೂ ನೀನೂ ನೆಂಟರು ಅಂತ ಬಂತಾ! ಹಾಗಾದ್ರೆ ನೀನೂ ನಮ್ಮ ಜೂಬಲ್ ಅಜ್ಜನ ಕುಡಿಯೇ ಬಿಡು ತಂಗಿ. ... ಯಾವ ಮಗನ ಕಡೆಯವಳೇ? ಹಿರಿಯೋನ್ದಾ? ಮಿಸ್ಸೂರಿಗೆ ಹೋದೋನ್ದಾ?"

ಶನಿವಾರ ಜೂಬಲ್ ಸ್ಟಾಲರ್ಡನ ಗೋರಿಗೆ ಕಂಚಿನ ಫಲಕ. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ಗಡಿಯ ದಂಡಿನ ಜೊತೆ ಬಂದು, ಶಾನೀ ಎಂಬ ಮೂಲನಿವಾಸಿ ಜನರ ಹಳ್ಳಿಗೆ ಬೆಂಕಿಯಿಟ್ಟು, ಅದೇ ನೆಲದಲ್ಲಿ ಜೋಳ ಬಿತ್ತಿದವನು. ಉರಿಯುವ ಗುಡಿಸಲಿನಿಂದ ಒಂದು ಹೆಣ್ಣುಮಗುವನ್ನು ಎತ್ತಿ ತಂದು ಸಾಕಿದನೆಂದು ಮನೆತನದ ಹೆಮ್ಮೆ. ಫಲಕದ ಮೇಲೂ 'ಅನಾಥೆಯನ್ನು ಸಲಹಿದ ಕರುಣಾಳು' ಎಂದೇ ಬರೆಸಿದೆ. ಅಷ್ಟನ್ನು ಮಾಡಿಸಲು ಆರ್ಡಿತ್ ಚಪ್ಪಲಿ ಸವೆಸಿದ್ದಳು.

"ಮಗನ ಕಡೆಯಲ್ವಾ? ಮತ್ತೆ? ... ಆ ಹುಡುಗೀದಾ? ಬೆಂಕಿಯಿಂದ ಎತ್ಕೊಂಡ್ಬಂದ ಶಾನೀ ಹುಡುಗಿ? ಏ, ಅದ್ಹೇಗಾಗತ್ತೆ? ಅವಳು ಸಾಕಿದ ಮಗು. ಅವಳಿಗೂ ನಮಗೂ ರಕ್ತ ಎಲ್ಲಿಂದ ಬರ್ಬೇಕು?"

ಆರ್ಡಿತ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಗಂಡುಮಗು ಹೆತ್ಲಾ? ಯಾರಿಗೆ ಅಂತೀರಿ? ... ಜೂಬಲ್ ಅಜ್ಜನಿಗಾ? ... ನೋಡಿ ಇವ್ರೇ, ನಾಲಿಗೆ ಬಿಗಿ ಹಿಡಿದು ಮಾತಾಡಿ. ಸತ್ತೋರ ಮೇಲೆ ಕೆಸರು ಎರಚೋಕೆ ಬೆಳಬೆಳಗ್ಗೆ ಫೋನ್ ಮಾಡಿದ್ರಾ? ... ಎಂಜಲು ಸುಳ್ಳು ಹೇಳಲ್ಲ ಅಂತೀರಾ? ಸರಿ, ಇರ್ಲಿ. ಅವನು ಅವಳಿಗೆ ತುತ್ತು ಹಾಕಿದ್ನಲ್ಲ, ಅದನ್ನ ಯಾರೂ ಹೇಳಲ್ಲ. ನಿಮ್ಮೋರು ಹಾಕ್ತಿದ್ರಾ? ಹಾಕೋಕೆ ಯಾರಾದ್ರೂ ಉಳಿದಿದ್ರಾ?"

ಹೇಳಿದ ಮೇಲೆ ಅವಳಿಗೆ ಚೆನ್ನಾಗೇ ಹೇಳಿದೆ ಅನ್ನಿಸಿತು.

"ಜಮೀನು ಕೇಳೋಕಲ್ವಾ? ಮತ್ತೇನ್ಬೇಕು? ... ಅವಳ ಗೋರಿಕಲ್ಲಾ? ನಿಮ್ಮಮ್ಮ ಒಂದ್ಸಲ ಮುಟ್ಬೇಕಂತಾ? ತೊಂಬತ್ತಾಯ್ತಾ ಅವರಿಗೆ, ಪಾಪ. ... ಎಂಥ ಕಲ್ಲು? ... ಚಪ್ಪಟೆ ಕಲ್ಲು. ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ... ಆ ಹುಡುಗನೇ ಅವನಮ್ಮನ ಗೋರಿಗೆ ಅಂತ ಕೆತ್ತಿದ್ನಾ? ಜೂಬಲ್ ಅಜ್ಜ ಅವನನ್ನ ವ್ಯಾಪಾರಿಗೆ ಮಾರೋ ಮುಂಚೆ?"

ಆರ್ಡಿತ್ ಕೆಳಗೆ ನೋಡಿದಳು. ಎರಡು ಬೂಟುಗಳ ನಡುವೆ ಹಕ್ಕಿ. ಒಂದು ರೆಕ್ಕೆ ಸ್ಟಾಲರ್ಡರ ಕಾಲಡಿ ಪೂರ್ತಿ ಸವೆದಿತ್ತು, ಇನ್ನೊಂದು ಹಾಗೇ ಇತ್ತು. ಆ ಕಲ್ಲನ್ನು ಅವಳ ಅಪ್ಪ ಗುಡ್ಡದ ಮೇಲಿನಿಂದ ಎಳೆದು ತಂದಿದ್ದ. ಇದೇನಪ್ಪಾ ಹಕ್ಕಿ ಎಂದು ಕೇಳಿದವಳಿಗೆ, ಆ ಶಾನೀ ಹೆಂಗಸಿನ ಕಲ್ಲು, ತುಳಿ, ಏನೂ ಆಗಲ್ಲ ಎಂದು ನಕ್ಕಿದ್ದ. ಕೆಳಗಿಳಿದರೆ ಸಿಗ್ನಲ್ ಹೋಗುತ್ತದೆ. ಅವಳು ಇಳಿಯಲಿಲ್ಲ.

"ಅಂಥ ಕಲ್ಲು ಇಲ್ಲಿಲ್ಲ ಕಣ್ರೀ. ಬೈಬಲ್ ಮುಟ್ಟಿ ಬೇಕಾದ್ರೂ ಹೇಳ್ತೀನಿ. ... ಆದ್ರೂ ಬರ್ತೀರಾ? ಯಾವಾಗ? ... ಈಗಾ? ಎಲ್ಲಿದೀರಿ? ಕೆಳಗಿನ ಪೆಟ್ರೋಲ್ ಬಂಕ್ ಹತ್ರಾನಾ! ಅಮ್ಮನೂ ಕಾರಲ್ಲೇ ಇದಾರಾ?"

ಈ ಹಕ್ಕಿ ಒಬ್ಬರ ಕಣ್ಣಿಗೆ ಬಿದ್ದರೂ ಕರುಣಾಳು ಜೂಬಲ್ ಸ್ವಂತ ಮಗನನ್ನೇ ಮಾರಿದ ಜೂಬಲ್ ಆಗುತ್ತಾನೆ. ಫಲಕವೂ ಇಲ್ಲ, ಗುಂಡೂ ಇಲ್ಲ, ಊರೆಲ್ಲ ನಗು. ಅಂಗಳದಲ್ಲಿ ಬಾವುಟ ಕಟ್ಟುತ್ತಿದ್ದ ಗಂಡ ಆರ್ವಿಲ್‌ನತ್ತ ಕೈಬೀಸಿ, ಸುತ್ತಿಗೆ ಎತ್ತಿ ಬಡಿಯುವ ಹಾಗೆ ಮಾಡಿ, ಕಾಲ ಕೆಳಗೆ ಬೆರಳು ತೋರಿಸಿದಳು. ಅವನು ಬಾಯಿ ಬಿಟ್ಟುಕೊಂಡು ನಿಂತ. ಅವಳು ಹಲ್ಲು ಕಡಿದಳು. ಅವನು ಕೊಟ್ಟಿಗೆಯತ್ತ ನಡೆದ.

"ಅಯ್ಯೋ, ಬನ್ನಿ ಬನ್ನಿ! ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ ತಂಗಿ. ನೆಂಟರು ಬಾಗಿಲಿಗೆ ಬಂದ್ಮೇಲೆ ಬೇಡ ಅನ್ನೋಕಾಗತ್ತಾ? ಒಣ ಸೇಬಿನ ಕೇಕ್ ಮಾಡ್ತಿದೀನಿ. ... ದಾರಿನಾ? ಚರ್ಚ್ ಹತ್ರ ಬಲಕ್ಕಲ್ಲ, ಎಡಕ್ಕೆ ತಿರುಗಿ. ಹಾಂ, ಎಡಕ್ಕೇ. ಗುಡ್ಡ ಸುತ್ಕೊಂಡು ಹೋಗತ್ತೆ, ಹೋಗ್ತಾನೇ ಇರಿ."

ಎಡಗಡೆಯ ರಸ್ತೆ ಗುಡ್ಡವೆಲ್ಲ ಸುತ್ತಿ, ಮುಚ್ಚಿಹೋದ ಕಲ್ಲಿದ್ದಲು ಗಣಿಯ ಬಾಗಿಲಲ್ಲಿ ಮುಗಿಯುತ್ತದೆ. ಬಲಕ್ಕೆ ತಿರುಗಿದರೆ ಅವಳ ಮನೆ ಅಲ್ಲೇ ಕೂಗಳತೆಯಲ್ಲಿ.

"ಅಮ್ಮ ಮಾತಾಡ್ತಾರಾ? ಕೊಡು ಕೊಡು. ... ಹಲೋ, ಹೇಗಿದೀರಮ್ಮಾ? ... ಅಯ್ಯೋ, ಅಳ್ಬೇಡಿ. ಬರ್ತಿದೀರಲ್ಲ. ... ಹಾಂ, ಕೈಯಲ್ಲೇ ಮುಟ್ಟೀರಂತೆ, ಎಲ್ಲಾ ಹುಡುಕಿಸ್ತೀನಿ. ದೇವರು ದೊಡ್ಡೋನಮ್ಮಾ."

ಆರ್ವಿಲ್ ಸುತ್ತಿಗೆ ಹಿಡಿದು ಬಂದು ನಿಂತ. ಆರ್ಡಿತ್ ಒಂದು ಕಾಲನ್ನು ಹುಲ್ಲಿನ ಮೇಲೆ ಇಟ್ಟಳು, ಫೋನು ಕರಕರ ಎಂದಿತು. ಇನ್ನೊಂದು ಕಾಲನ್ನೂ ತೆಗೆದು, ಫೋನು ಪೂರ್ತಿ ಕಡಿಯದಂತೆ ಕಲ್ಲಿನ ಅಂಚಿಗೇ ಬಾಗಿ, ಹೂಂ ಎಂದು ಕಣ್ಣಲ್ಲೇ ಹೇಳಿದಳು. ಅವನು ಬಡಿದ.

"ಏನು? ... ಆ ಸದ್ದಾ? ಏನಿಲ್ಲಮ್ಮಾ, ನಮ್ಮನೆಯವ್ರು ಸೌದೆ ಒಡೀತಿದಾರೆ... ನೀವು ಬರೋ ಹೊತ್ತಿಗೆ ಒಲೆ ಬೆಚ್ಚಗಿರ್ಲಿ ಅಂತ. ... ಹಲೋ? ಕೇಳಿಸ್ತಿದೆಯಾ? ... ಎಡಕ್ಕೆ ಅಮ್ಮಾ, ಎಡಕ್ಕೇ... ಹಲೋ..."