ಸೀದ ಹಾಲಿನ ವಾಸನೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಮೀಸೆ ಬೋಳಿಸಿಕೊಂಡು ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತೇನೆ. ಇಡೀ ತಾಲ್ಲೂಕಿನಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಅದಕ್ಕಾದರೂ ನಂಬಿ.

ತೊಂಬತ್ತೆಂಟನೇ ಇಸವಿ. ನಮ್ಮ ದೊಡ್ಡಪ್ಪನ ಮಗ ಶಿವಮೂರ್ತಿ ಗುಬ್ಬಿಯಲ್ಲಿ ಬಾಡಿಗೆಗೆ ಕೊಟ್ಟಿದ್ದ ಮನೆ ಮಾರಲು ಒದ್ದಾಡುತ್ತಿದ್ದ. ಬಾಡಿಗೆಗಿದ್ದ ಮುದುಕಿ ರಂಗಲಕ್ಷ್ಮಮ್ಮ, ಹಾಲು ಕಾಯಿಸುವಾಗ ಸ್ಟವ್ ಸಿಡಿದು ತೀರಿಕೊಂಡಿದ್ದಳು. ಅಡುಗೆಮನೆ ಅರ್ಧ ಸುಟ್ಟಿತ್ತು. ಗೋಡೆ ರಿಪೇರಿಯಾಯಿತು. ಸುಣ್ಣ, ಫಿನಾಯಿಲ್, ಗಂಜಲ, ಸಾಂಬ್ರಾಣಿ ಎಲ್ಲ ಆಯಿತು. ಸೀದ ಹಾಲಿನ ವಾಸನೆ ಮಾತ್ರ ಹೋಗಲೊಲ್ಲದು. ಬಂದ ಗಿರಾಕಿಗಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ವಾಪಸ್. ಅದು ಮಾರಾಟವಾಗದೆ ಇವನಿಗೆ ಬೇರೆ ಮನೆಯಿಲ್ಲ. ಹೆಂಡತಿ ಕಟ್ಟಿಕೊಂಡು ಕುಣಿಗಲ್ಲಿನ ಭಾವಮೈದುನನ ಮನೆಯಲ್ಲಿ ಬಿದ್ದಿದ್ದ. ಅಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡರೂ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು.

ಆಗ ಚೇಳೂರಿನ ಸದಾಶಿವಯ್ಯ ಮೇಷ್ಟ್ರು ಮನೆ ನೋಡಲು ಬರುತ್ತೇನೆಂದರು. ಹಿಂದಿನ ರಾತ್ರಿ ಕೊನೆ ಬಸ್ಸಿಳಿದು ಶಿವಮೂರ್ತಿ ಹಾಳುಬಾವಿ ದಾಟಿ ನಡೆದ. ರಾಟೆ ಕಿರ್ರ್... ಎಂದಿತು. ಅದಕ್ಕೆ ಹಗ್ಗವಿರಲಿಲ್ಲ. ಗಾಳಿಯೂ ಇರಲಿಲ್ಲ.

ಪಕ್ಕದ ಮನೆ ಸುಬ್ಬಲಕ್ಷ್ಮಮ್ಮ ಕಿಟಕಿಯಿಂದ ಪಿಸುಗುಟ್ಟಿದಳು. "ಮತ್ತೆ ಫಿನಾಯಿಲ್ ತಂದ್ಯೇನ್ಲಾ?"

"ಇಲ್ಲ ಕಣಕ್ಕ, ಹಾಲು. ಉಕ್ಕಿಸಿ ಮನೆ ಶುದ್ಧ ಮಾಡ್ತೀನಿ."

"ಹಾಲುಕ್ಕಿಸೋದು ಮನೆಗೆ ಬರೋರು ಕಣೋ... ಮಾರಿ ಹೋಗೋರಲ್ಲ."

"ಬುಡಕ್ಕ. ವಾಸ್ನೆ ಹೋದ್ರೆ ಸಾಕು."

ಒಳಗೆ ಹೋಗಿ ಚಿಲಕ ಹಾಕಿದ. ಮೂರು ಇಟ್ಟಿಗೆ ಇಟ್ಟು ತೆಂಗಿನ ಗರಿ ಹಚ್ಚಿದ. ಗರಿ ಚಿಟಚಿಟ ಎಂದಿತು. ಹಾಲು ಗುಳುಗುಳು ಎಂದು... ಮೇಲೆದ್ದು... ಚುಂಯ್ ಎಂದು ಬೆಂಕಿಗೆ ಬಿತ್ತು.

ಬೆನ್ನ ಹಿಂದೆ ಯಾರೋ ಮೆಲ್ಲಗೆ ಕೇಳಿದರು. "ಯಾವ್ ಕಡೆ ಉಕ್ತು?"

ಗೃಹಪ್ರವೇಶದಲ್ಲಿ ಹೆಂಗಸರು ಕೇಳುವ ಮಾತು; ಪೂರ್ವವಾದರೆ ಶುಭ, ದಕ್ಷಿಣ ಯಮನ ದಿಕ್ಕು. ಪಕ್ಕದ ಮನೆಯವಳೇ ಬಂದಳೆಂದುಕೊಂಡು ತಿರುಗದೆಯೇ ಹೇಳಿದ. "ಪೂರ್ವಕ್ಕೆ ಕಣಕ್ಕ."

"ಒಳ್ಳೇದಾಯ್ತು... ಇನ್ ಇಲ್ಲೇ ಇರ್ತೀನಿ ಬುಡು."

ತಿರುಗಿದ. ಯಾರೂ ಇಲ್ಲ. ತಾನು ಹಾಕಿದ ಚಿಲಕ ಹಾಕಿದ ಹಾಗೇ ಇತ್ತು. ಉಸಿರೆಳೆದ... ವಾಸನೆಯೇ ಇಲ್ಲ.

ಬೆಳಿಗ್ಗೆ ಮೇಷ್ಟ್ರು ಮೂಲೆಮೂಲೆ ಮೂಸಿ ಒಪ್ಪಿದರು. ಹೇಳಿಬಿಡಲೇ ಎಂದು ಶಿವಮೂರ್ತಿ ಬಾಯಿ ತೆರೆದ. ಕುಣಿಗಲ್ಲಿನ ಸಾರು ನೆನಪಾಯಿತು. ಮುಚ್ಚಿಕೊಂಡ.

ಮೇಷ್ಟ್ರ ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ; ಊಟ ಇದ್ದಲ್ಲಿ ನಾನಿರುತ್ತೇನೆ. ಒಲೆ ಧಗಧಗ ಉರಿಯುತ್ತಿತ್ತು. ಎಷ್ಟು ಹೊತ್ತಾದರೂ ಹಾಲು ಉಕ್ಕಲಿಲ್ಲ. ಕೊನೆಗೆ ಮೇಷ್ಟ್ರ ಹೆಂಡತಿ ಬೆರಳದ್ದಿ ನೋಡಿದರು. ತಣ್ಣಗಿತ್ತು.

ಕಣ್ಣಾರೆ ಕಂಡದ್ದು. ಒಂದೇ ಒಂದು ಮಾತು ಮಾತ್ರ ನನ್ನ ಸೇರ್ಪಡೆ. ಶಿವಮೂರ್ತಿಯ ಹಾಲು ಪೂರ್ವಕ್ಕೆ ಉಕ್ಕಿತು ಅಂದೆನಲ್ಲ... ಅದು ದಕ್ಷಿಣಕ್ಕೆ.